ಉಸಿರಿನ ಕಾಯಿಲೆ ಇರುವವರು ಮಾಸ್ಕ್‌ಗೆ ಒಗ್ಗಿಕೊಳ್ಳುವುದು ಹೇಗೆ

ಆ ಆಸ್ಪತ್ರೆಯ ಮೊದಲ ಮಹಡಿಗೆ 22 ಮೆಟ್ಟಿಲು. ಅವತ್ತು ಲಿಫ್ಟ್ ಕೆಟ್ಟಿತ್ತು. ಎನ್-95 ಮಾಸ್ಕ್ ಹಾಕಿಕೊಂಡೇ ಹತ್ತಲು ಶುರು ಮಾಡಿದೆ. 14ನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ಮೂಗುಬಾಯಿ ಒತ್ತಿ ಹಿಡಿದಂತಾಯಿತು. ಎದೆ ಡವಗುಟ್ಟುತ್ತಿತ್ತು, ಕಿವಿ ಗುಂಯ್ ಎನ್ನುತ್ತಿತ್ತು. ಮಾಸ್ಕ್ ಕಿತ್ತು ಮುಷ್ಟಿಯಲ್ಲಿ ಹಿಡಿದು, ಕಂಬಿಗೆ ಹಣೆಯೊತ್ತಿ ನಿಂತುಬಿಟ್ಟೆ. ಮೇಲಿಂದ ಇಳಿದು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ನನ್ನನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ರಕ್ತದಲ್ಲಿನ ಆಕ್ಸಿಜನ್ ಎಷ್ಟು ಪರ್ಸೆಂಟ್ ಎಂದು ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದಳು. 93 ಎಂದು ತೋರಿಸಿತು.

“ಅಮ್ಮಾ, ಆಕ್ಸಿಜನ್ ಅಷ್ಟೇನೂ ಇಳಿದಿಲ್ಲ. ಉಸಿರು ಸಾಲ್ತಿಲ್ಲ ಅಂತ ನಿಮಗೆ ಅನ್ನಿಸ್ತಿದೆ. ಅದು ಬೇರೆ, ಇದು ಬೇರೆ,” ಅಂದಳು.

ನನಗೆ ಸಿಟ್ಟೇ ಬಂತು. ಪ್ರಾಣ ಹೋಗುವ ಹಾಗಾಗಿರುವಾಗ ಇದು ಬರೀ ಅನ್ನಿಸಿಕೆಯೇ? ಮುಂದಿನ ವಾರ ಅವಳು ಮಾಸ್ಕ್ ಹಾಕಿಸಿಯೇ ಕಾರಿಡಾರಿನಲ್ಲಿ ನಡೆಸಿ, ಬೆರಳಿನಲ್ಲಿ ಆಕ್ಸಿಮೀಟರ್ ಇರುವ ಹಾಗೆಯೇ ತೋರಿಸಿಕೊಟ್ಟಳು. ನನಗೆ ಏದುಸಿರು ಜೋರಾಗುವುದಕ್ಕೂ ರಕ್ತದಲ್ಲಿ ಆಕ್ಸಿಜನ್ ಇಳಿಯುವುದಕ್ಕೂ ನೇರ ಸಂಬಂಧವಿರಲಿಲ್ಲ. ಕೆಲವೊಮ್ಮೆ ಸುಸ್ತೇ ಇಲ್ಲದೆ ಅಂಕಿ ಇಳಿದಿರುತ್ತಿತ್ತು, ಕೆಲವೊಮ್ಮೆ ಒದ್ದಾಡುತ್ತಿದ್ದರೂ ಅಂಕಿ ಗಟ್ಟಿಯಾಗಿ ನಿಂತಿರುತ್ತಿತ್ತು. ಮೊದಲನೆಯದು ಅಪಾಯ, ಎರಡನೆಯದು ಕಷ್ಟ. ಅಪಾಯಕ್ಕೆ ಮಾಡಬೇಕಾದ್ದೇ ಬೇರೆ, ಕಷ್ಟಕ್ಕೆ ಮಾಡಬೇಕಾದ್ದೇ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮಾಸ್ಕನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹಾಕಬಾರದ ಸ್ಥಿತಿಯಲ್ಲೂ ಹಲ್ಲುಕಚ್ಚಿ ಹಾಕಿಕೊಂಡಿರುತ್ತಾರೆ. ಎರಡನ್ನೂ ನಾನು ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೀಗ 58. 19ನೇ ವಯಸ್ಸಿನಲ್ಲಿ ಕ್ಷಯ ಬಂದಿತ್ತು. ಔಷಧಿಯಿಂದ ಕಾಯಿಲೆ ವಾಸಿಯಾಯಿತು, ಆದರೆ ಎಡ ಶ್ವಾಸಕೋಶದ ಮೇಲ್ಭಾಗ ಸುಕ್ಕುಗಟ್ಟಿಹೋಯಿತು. ಉಸಿರುನಾಳಗಳು ಅಲ್ಲಲ್ಲಿ ಹಿಗ್ಗಿ ಕಫ ನಿಲ್ಲುವ ಗುಂಡಿಗಳಾಗಿವೆ. ಇದಕ್ಕೆ ಡಾಕ್ಟರು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಉಳಿದ ನಾಳಗಳು ಕಿರಿದಾಗಿ, ಗಾಳಿ ಸಲೀಸಾಗಿ ಹೊರಹೋಗದ ಸಿಒಪಿಡಿ ಎಂಬ ದೀರ್ಘಕಾಲದ ಕಾಯಿಲೆಯಂಥ ತೊಂದರೆಯೂ ಸೇರಿಕೊಂಡಿದೆ. ಸ್ಪೈರೋಮೀಟರಿಗೆ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಗೆ ಎಫ್‌ಇವಿ1 ಅನ್ನುತ್ತಾರೆ. ನನ್ನ ವಯಸ್ಸು, ಎತ್ತರದ ಹೆಂಗಸಿಗೆ ಎಷ್ಟಿರಬೇಕೋ ಅದರಲ್ಲಿ ನನ್ನದು 43 ಪರ್ಸೆಂಟ್. ಗಣಿತ ಹೇಳಿಕೊಟ್ಟು ಬದುಕಿದವಳಾದ್ದರಿಂದ ಅಂಕಿಗಳನ್ನು ಬರೆದಿಡುವುದು ಅಭ್ಯಾಸ. ಕೆಳಗಿರುವುದರಲ್ಲಿ ಬಹುಪಾಲು ಆ ನೋಟ್‌ಬುಕ್ಕಿನದು. ನಾನು ಡಾಕ್ಟರಲ್ಲ. ನಿಮ್ಮ ಅಂಕಿಗಳನ್ನು ನಿಮ್ಮ ಡಾಕ್ಟರೇ ಗೊತ್ತುಮಾಡಬೇಕು.

ಮಾಸ್ಕ್ ಒಳಗೆ ಏನಾಗುತ್ತದೆ

ಮೊದಲು ಒಂದು ಭಯ ಕಳೆಯೋಣ. ಮಾಸ್ಕ್ ಹಾಕಿದರೆ ನಾವು ಬಿಟ್ಟ ಕಾರ್ಬನ್ ಡೈಆಕ್ಸೈಡೆಲ್ಲ ಒಳಗೇ ಉಳಿದು ವಿಷವಾಗುತ್ತದೆ ಎನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಆ ಅನಿಲದ ಅಣು ಒಂದು ನ್ಯಾನೋಮೀಟರಿಗಿಂತಲೂ ಚಿಕ್ಕದು. ಮಾಸ್ಕ್‌ನ ನೂಲುಗಳ ನಡುವಿನ ಕಿಂಡಿ ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಅನಿಲ ಆಚೆ ಈಚೆ ಸಲೀಸಾಗಿ ಓಡಾಡುತ್ತದೆ. ಮಾಸ್ಕ್ ತಡೆಯುವುದು ಹನಿಗಳನ್ನು, ಧೂಳನ್ನು, ವೈರಾಣು ಹೊತ್ತ ಕಣಗಳನ್ನು.

ಹಾಗಂತ ಏನೂ ಉಳಿಯುವುದಿಲ್ಲ ಎಂದಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 0.04 ಪರ್ಸೆಂಟ್, ನಾವು ಬಿಡುವ ಉಸಿರಿನಲ್ಲಿ ಸುಮಾರು 4 ಪರ್ಸೆಂಟ್. ಬಿಟ್ಟ ಉಸಿರಿನ ಕೊನೆಯ ಸ್ವಲ್ಪ ಭಾಗ ಮುಖ ಮತ್ತು ಮಾಸ್ಕ್‌ನ ನಡುವಿನ ಜಾಗದಲ್ಲಿ ನಿಂತು, ಮುಂದಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಇದು ಹೊಸ ಸಂಗತಿಯೇನಲ್ಲ. ಗಂಟಲು, ಶ್ವಾಸನಾಳಗಳಲ್ಲಿ ನಿಲ್ಲುವ ಸುಮಾರು 150 ಮಿಲಿ ಲೀಟರ್ ಗಾಳಿ ಎಲ್ಲರಲ್ಲೂ ಹೀಗೆಯೇ ಹಿಂದಕ್ಕೆ ಹೋಗುತ್ತಿರುತ್ತದೆ. ಮಾಸ್ಕ್ ಆ ಲೆಕ್ಕಕ್ಕೆ ಇನ್ನಷ್ಟು ಸೇರಿಸುತ್ತದೆ. ಗಟ್ಟಿಮುಟ್ಟಾದವರ ಮೈ ಉಸಿರನ್ನು ಒಂದಿಷ್ಟು ಆಳ ಮಾಡಿ ಸರಿದೂಗಿಸಿಕೊಳ್ಳುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ನಮ್ಮಲ್ಲಿ ಹಾಗೆ ಆಳ ಮಾಡಿಕೊಳ್ಳುವ ಜಾಗವೇ ಕಡಿಮೆ.

ಎರಡನೆಯದು ತಡೆ. ಎನ್-95ರಂಥ ಮಾಸ್ಕ್‌ನಲ್ಲಿ ಗಾಳಿ ಎಳೆದುಕೊಳ್ಳಲು ಎದೆಯ ಸ್ನಾಯುಗಳು ಮತ್ತು ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯು) ಹೆಚ್ಚು ದುಡಿಯಬೇಕು. ಸಿಒಪಿಡಿ ಇರುವವರಿಗೆ ನಿಜವಾದ ತೊಂದರೆ ಇರುವುದು ಉಸಿರು ಬಿಡುವುದರಲ್ಲಿ. ನಾಳಗಳು ಕಿರಿದಾಗಿರುವುದರಿಂದ ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಸಿರು ಬಂದುಬಿಡುತ್ತದೆ. ಖಾಲಿಯಾಗದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ. ಬೇಗ ಬೇಗ ನಡೆದರೆ ಉಸಿರು ಬಿಡುವ ಹೊತ್ತು ಇನ್ನೂ ಕಡಿಮೆಯಾಗಿ, ಎದೆ ತುಂಬಿ ಬಿಗಿದುಕೊಳ್ಳುತ್ತದೆ. ಆ 14ನೇ ಮೆಟ್ಟಿಲಲ್ಲಿ ನನಗಾದದ್ದು ಇದೇ. ಗಾಳಿ ಸಾಲದೆ ಅಲ್ಲ, ಹಳೆಯ ಗಾಳಿ ಹೊರಗೆ ಹೋಗದೆ. ಮಾಸ್ಕ್ ಕಿತ್ತರೂ ಒಂದೆರಡು ನಿಮಿಷ ಹಾಗೇ ಒದ್ದಾಡಿದ್ದು ಅದಕ್ಕೇ.

ಮೂರನೆಯದು ಶಾಖ ಮತ್ತು ತೇವ. ಮೂಗು, ಕೆನ್ನೆ, ತುಟಿಯ ಸುತ್ತಲ ಚರ್ಮಕ್ಕೆ ತಣ್ಣನೆ ಗಾಳಿ ತಗಲಿದರೆ ಅಲ್ಲಿನ ನರಗಳು ಮಿದುಳಿಗೆ ಗಾಳಿ ಬರುತ್ತಿದೆ ಎಂಬ ಸುದ್ದಿ ಕಳಿಸುತ್ತವೆ, ಏದುಸಿರು ತಗ್ಗಿದಂತೆ ಅನ್ನಿಸುತ್ತದೆ. ಮಾಸ್ಕ್ ಆ ಸುದ್ದಿಯನ್ನು ನಿಲ್ಲಿಸಿಬಿಡುತ್ತದೆ. ಆಕ್ಸಿಜನ್ ಸರಿಯಿದ್ದರೂ ಉಸಿರು ಕಟ್ಟಿದಂತೆ ಅನ್ನಿಸಲು ಇದೊಂದು ದೊಡ್ಡ ಕಾರಣ. ಗಾಬರಿಯಾದರೆ ಉಸಿರಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಗಾಳಿ ಒಳಗೆ ಸಿಕ್ಕಿಬೀಳುತ್ತದೆ.

ಪರೀಕ್ಷೆ ಮಾಡಿದವರು ಏನು ಕಂಡಿದ್ದಾರೆ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಅಮೆರಿಕದಲ್ಲಿ ತೀವ್ರ ಸಿಒಪಿಡಿ ಇದ್ದ 15 ಜನ ಮಾಜಿ ಸೈನಿಕರಿಗೆ ಸರ್ಜಿಕಲ್ ಮಾಸ್ಕ್ ಹಾಕಿಸಿ, ಅರ್ಧ ಗಂಟೆ ಕೂರಿಸಿ, ಆಮೇಲೆ 6 ನಿಮಿಷ ನಡೆಸಿ ನೋಡಿದರು. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎರಡರಲ್ಲೂ ಮಾಸ್ಕ್‌ನಿಂದಾಗಿ ಲೆಕ್ಕಕ್ಕೆ ಬರುವಂಥ ಏರುಪೇರು ಆಗಲಿಲ್ಲ. ಎನ್-95 ಕಥೆ ಬೇರೆ. ಕೊರಿಯಾದಲ್ಲಿ ಸಿಒಪಿಡಿ ಇರುವ 97 ಜನರಿಗೆ ಅದನ್ನು ಹಾಕಿಸಿ 10 ನಿಮಿಷ ಕೂರಿಸಿ, 6 ನಿಮಿಷ ನಡೆಸಿದಾಗ 7 ಜನ ಕೊನೆತನಕ ಹಾಕಿಕೊಂಡಿರಲು ಆಗಲಿಲ್ಲ. ಎಫ್‌ಇವಿ1 30 ಪರ್ಸೆಂಟಿಗಿಂತ ಕಡಿಮೆ ಇದ್ದವರಲ್ಲಿ, ಸಮತಟ್ಟು ನೆಲದಲ್ಲಿ 100 ಮೀಟರ್ ನಡೆದರೂ ನಿಲ್ಲಬೇಕಾದಷ್ಟು ಏದುಸಿರು ಇದ್ದವರಲ್ಲಿ ಹೀಗಾಗುವ ಸಾಧ್ಯತೆ ಬಹಳ ಹೆಚ್ಚಿತ್ತು. ಈ ಎರಡು ಪರೀಕ್ಷೆಗಳೂ ಸಣ್ಣವು, ಹೊತ್ತೂ ಕಡಿಮೆ. ಮಾಸ್ಕ್ ಹಾಕಿ ದಿನವಿಡೀ ದುಡಿಯುವವರಿಗೆ ಇವುಗಳಿಂದ ಉತ್ತರ ಸಿಗುವುದಿಲ್ಲ. ಆದರೂ ಯಾವ ಮಾಸ್ಕ್, ಯಾರಿಗೆ ಎಂದು ಯೋಚಿಸಲು ಒಂದು ಹಿಡಿಕೆ ಸಿಕ್ಕಿತು.

ಕುರ್ಚಿಯಿಂದ ಶುರು ಮಾಡಿ

ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದು: ಮಾಸ್ಕನ್ನು ಮೊದಲ ಸಲ ಜನಜಂಗುಳಿಯಲ್ಲಿ ಹಾಕಿಕೊಳ್ಳಬೇಡಿ. ಮನೆಯಲ್ಲಿ ಹಾಕಿ ನೋಡಿ, ಜೊತೆಗೊಬ್ಬರು ಇರಲಿ.

ಒಂದು ಆಕ್ಸಿಮೀಟರ್ ಬೇಕು. ಬೆರಳಿಗೆ ಸಿಕ್ಕಿಸಿದ ತಕ್ಷಣ ಕಾಣುವ ಅಂಕಿಯನ್ನು ನಂಬಬೇಡಿ. ಒಂದು ನಿಮಿಷ ಕೈ ಅಲುಗಾಡಿಸದೆ ಇಟ್ಟು, ಅಂಕಿ ನಿಂತಮೇಲೆ ಬರೆದುಕೊಳ್ಳಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಉಗುರುಬಣ್ಣ ಇದ್ದರೆ ತೆಗೆಯಿರಿ. ಮೈಬಣ್ಣ ಕಪ್ಪಾಗಿರುವವರಲ್ಲಿ ಈ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದುಂಟು. ಹಾಗಾಗಿ ಒಂದು ಬಿಡಿ ಅಂಕಿಗಿಂತ ನಿಮ್ಮದೇ ಹಿಂದಿನ ಅಂಕಿಗೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಎನ್ನುವುದನ್ನು ಗಮನಿಸಿ.

ಇದರ ಜೊತೆಗೆ ಏದುಸಿರಿಗೂ ಒಂದು ಅಂಕಿ ಕೊಡಿ. ಸೊನ್ನೆ ಎಂದರೆ ಏನೂ ಇಲ್ಲ, 10 ಎಂದರೆ ಇನ್ನು ತಡೆಯಲು ಸಾಧ್ಯವಿಲ್ಲ. ಫಿಸಿಯೋಥೆರಪಿಯವರು ಇದನ್ನು ಬೋರ್ಗ್ ಅಳತೆ ಎನ್ನುತ್ತಾರೆ. ನೋಟ್‌ಬುಕ್ಕಿನಲ್ಲಿ ಮೂರು ಕಂಬಗಳನ್ನು ಎಳೆದುಕೊಳ್ಳಿ: ಆಕ್ಸಿಜನ್, ನಾಡಿ, ಏದುಸಿರು. ಆಕ್ಸಿಜನ್ ಮತ್ತು ಏದುಸಿರನ್ನು ಬೇರೆ ಬೇರೆ ಬರೆದಾಗಲೇ ಫಿಸಿಯೋಥೆರಪಿ ಹುಡುಗಿ ಹೇಳಿದ್ದು ಕಣ್ಣಿಗೆ ಕಾಣುವುದು.

ನನ್ನ ಮೊದಲ ಪುಟ ಹೀಗಿದೆ. ಮಾಸ್ಕ್ ಇಲ್ಲದೆ 5 ನಿಮಿಷ ಕೂತಾಗ 95, 84, 2. ಸರ್ಜಿಕಲ್ ಮಾಸ್ಕ್ ಹಾಕಿ 10 ನಿಮಿಷ ಕೂತಾಗ 95, 86, 3. ಮಾರನೆಯ ದಿನ ಮಾಸ್ಕ್ ಇಲ್ಲದೆ 6 ನಿಮಿಷ ನಡೆದಾಗ 91, 108, 4. ಸರ್ಜಿಕಲ್ ಹಾಕಿ ಅಷ್ಟೇ ನಡೆದಾಗ 91, 110, 6. ಎನ್-95 ಹಾಕಿ ನಡೆದದ್ದು ನಾಲ್ಕೇ ನಿಮಿಷ, 88, 116, 7, ಅಲ್ಲಿಗೇ ನಿಲ್ಲಿಸಿದೆ.

ಈ ಐದು ಸಾಲನ್ನು ನಿಧಾನವಾಗಿ ಓದಿ. ಸರ್ಜಿಕಲ್ ಮಾಸ್ಕ್ ನನ್ನ ಆಕ್ಸಿಜನ್ನನ್ನು ಒಂದು ಅಂಕಿಯೂ ಇಳಿಸಲಿಲ್ಲ, ಏದುಸಿರನ್ನು ಮಾತ್ರ ನಾಲ್ಕರಿಂದ ಆರಕ್ಕೆ ಏರಿಸಿತು. ಅದು ಕಷ್ಟ, ಅಭ್ಯಾಸದಿಂದ ತಗ್ಗಿಸಬಹುದು. ಎನ್-95 ಆಕ್ಸಿಜನ್ನನ್ನೇ 88ಕ್ಕೆ ತಂದಿತು. ನನ್ನ ಡಾಕ್ಟರು ನನಗೆ ಬರೆದುಕೊಟ್ಟ ಗಡಿಯೂ ಅದೇ, ಅದಕ್ಕಿಂತ ಕೆಳಗೆ ಹೋಗಬಾರದು. ಹಾಗಾಗಿ ನನ್ನ ತೀರ್ಮಾನ ಆ ಪುಟದಲ್ಲೇ ಆಯಿತು: ಎನ್-95 ಹಾಕಿಕೊಂಡರೆ ಕೂತಿರಬೇಕು, ನಡೆಯುವುದಿದ್ದರೆ ಸರ್ಜಿಕಲ್. ನಿಮ್ಮ ಗಡಿ ಎಷ್ಟು ಎಂದು ಮೊದಲೇ ಕೇಳಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಎಲ್ಲರಿಗೂ ಒಂದೇ ಗಡಿ ಇರುವುದಿಲ್ಲ.

ಶ್ವಾಸಕೋಶ ನಾರುಗಟ್ಟುವ ಐಎಲ್‌ಡಿ ಕಾಯಿಲೆ ಇರುವವರು ಈ ನಡಿಗೆಯ ಪರೀಕ್ಷೆಯನ್ನು ಮನೆಯಲ್ಲಿ ಒಬ್ಬರೇ ಮಾಡಬಾರದು. ಕೂತಾಗ 96 ಇದ್ದದ್ದು ನಾಲ್ಕು ಹೆಜ್ಜೆಗೆ ಸರ್ರನೆ ಇಳಿಯುವುದು ಆ ಕಾಯಿಲೆಯ ಸ್ವಭಾವ. ಅವರು ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಲಿ.

ಕೂತು 10 ನಿಮಿಷ ಸಲೀಸಾದ ಮೇಲೆ ಮಾಸ್ಕ್ ಹಾಕಿಕೊಂಡೇ ಒಂದು ಪುಟ ಗಟ್ಟಿಯಾಗಿ ಓದಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಮಾಸ್ಕ್‌ನಲ್ಲಿ ನಡೆಯುವುದಕ್ಕಿಂತ ಮಾತಾಡುವುದೇ ಎಷ್ಟೋ ಸಲ ಕಷ್ಟ. ಮಾತಾಡುವಾಗ ಉಸಿರನ್ನು ಮಧ್ಯೆ ಮಧ್ಯೆ ಗಬಕ್ಕನೆ ಎಳೆದುಕೊಳ್ಳುತ್ತೇವೆ. ಒಂದು ವಾಕ್ಯ, ಒಂದು ನಿಲುಗಡೆ, ಮತ್ತೆ ಒಂದು ವಾಕ್ಯ ಎಂದು ರೂಢಿ ಮಾಡಿಕೊಳ್ಳಿ. ಆಮೇಲೆ ಮನೆಯೊಳಗೆ ನಡಿಗೆ, ಆಮೇಲೆ ಹೊರಗೆ, ಕಡೆಗೆ ಮೆಟ್ಟಿಲು. ನನಗೆ ಕುರ್ಚಿಯಿಂದ ಮೆಟ್ಟಿಲಿಗೆ ಬರಲು 17 ದಿನ ಹಿಡಿಯಿತು. ಆ ಹೊತ್ತಿಗೆ ಸರ್ಜಿಕಲ್ ಹಾಕಿದ ನಡಿಗೆಯ ಏದುಸಿರು ಆರರಿಂದ ಐದಕ್ಕೆ ಇಳಿದಿತ್ತು. ಒಂದೇ ಅಂಕಿ, ಆದರೆ ಆ ಒಂದು ಅಂಕಿಯಿಂದ ನಾನು ಮನೆಯಿಂದ ಹೊರಗೆ ಬಂದೆ.

ಯಾವ ಮಾಸ್ಕ್

ಮೂರು ಪದರದ ಸರ್ಜಿಕಲ್ ಮಾಸ್ಕ್ ನಮ್ಮಲ್ಲಿ ಬಹಳ ಜನಕ್ಕೆ ಸಾಕು. ಹಗುರ, ತಡೆ ಕಡಿಮೆ. ಆದರೆ ಅಂಚಿನಲ್ಲಿ ಸಂದು ಬಿಡುತ್ತದೆ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತಿಕೊಂಡು ಬನ್ನಿ. ಕನ್ನಡಕ ಮಂಜಾಗುತ್ತಿದ್ದರೆ ತಂತಿ ಸರಿಯಾಗಿ ಕೂತಿಲ್ಲ ಎಂದೇ ಅರ್ಥ.

ಎನ್-95 ಎಂದರೆ ಸೋಸಲು ತುಂಬಾ ಕಷ್ಟವಾದ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲೂ ಕನಿಷ್ಠ 95 ಪರ್ಸೆಂಟ್ ತಡೆಯುವಂಥದ್ದು. ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ಆ ಮಾತು ನಿಜ. ಹೊಗೆ, ಸಣ್ಣ ಧೂಳು ದಟ್ಟವಾಗಿರುವ ದಿನ ಸರ್ಜಿಕಲ್ ಅಥವಾ ಬಟ್ಟೆಯ ಮಾಸ್ಕ್‌ನಿಂದ ಹೆಚ್ಚು ಪ್ರಯೋಜನವಿಲ್ಲ, ಆಗ ಕೆಲಸಕ್ಕೆ ಬರುವುದು ಇದೇ. ಹೊಗೆಯಲ್ಲಿನ ಅನಿಲಗಳನ್ನು ಇದೂ ತಡೆಯುವುದಿಲ್ಲ. ಹೀಗಾಗಿ ಅಂಥ ದಿನ ಬಾಗಿಲು ಹಾಕಿ ಒಳಗೇ ಇರುವುದು ಮೇಲು. ಎನ್-95 ಬೇಕೇಬೇಕೆಂದರೆ ಬಟ್ಟಲಿನ ಆಕಾರದ್ದಕ್ಕಿಂತ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿದ, ಮಡಚುವಂಥದ್ದು ನನಗೆ ಒಗ್ಗಿತು. ಗಾಳಿ ಹಾಯುವ ಮೇಲ್ಮೈ ಹೆಚ್ಚಿರುವುದರಿಂದ ಎಳೆತ ಹಗುರವಾಗುತ್ತದೆ, ಉಸಿರೆಳೆದಾಗ ಬಟ್ಟೆ ತುಟಿಗೆ ಅಂಟುವುದಿಲ್ಲ. ತುಟಿಗೆ ಅಂಟಿತೆಂದರೆ ನನಗೆ ಆ ಕ್ಷಣವೇ ಗಾಬರಿ ಶುರು.

ಕವಾಟ ಇರುವ ಮಾಸ್ಕ್‌ನಲ್ಲಿ ಉಸಿರು ಬಿಡುವುದು ಸುಲಭ, ಒಳಗೆ ಶಾಖವೂ ಕಡಿಮೆ. ಆದರೆ ನಾವು ಬಿಡುವ ಉಸಿರು ಸೋಸದೆ ಹೊರಗೆ ಹೋಗುತ್ತದೆ. ಧೂಳು, ಹೊಗೆಗೆ ಅದನ್ನು ಬಳಸಿ. ನೆಗಡಿ ಕೆಮ್ಮು ಇದ್ದಾಗ ಬೇರೆಯವರ ನಡುವೆ ಬಳಸಬೇಡಿ. ಒಂದರ ಮೇಲೊಂದು ಎರಡು ಮಾಸ್ಕ್ ಹಾಕುವುದು ನಮ್ಮಂಥವರಿಗಲ್ಲ, ತಡೆ ಹೆಚ್ಚುತ್ತದೆ.

ಎನ್-95ನ್ನು ತೊಳೆಯಬೇಡಿ, ಅದರ ಮೇಲೆ ಸ್ಯಾನಿಟೈಸರ್ ಸಿಂಪಡಿಸಬೇಡಿ. ಅದರ ನಡುವಿನ ಪದರದ ನೂಲುಗಳಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ, ಕಣಗಳನ್ನು ಎಳೆದು ಹಿಡಿಯುವುದೇ ಅದು. ಸ್ಯಾನಿಟೈಸರ್ ಬಿದ್ದರೆ ಆ ಶಕ್ತಿ ಹೋಗಿಬಿಡುತ್ತದೆ. ಇನ್ನು ಅಸ್ತಮಾ ಇರುವವರು ಹೊಸ ಮಾಸ್ಕನ್ನು ಪ್ಯಾಕೆಟ್ಟಿನಿಂದ ತೆಗೆದು ಒಂದು ದಿನ ಗಾಳಿಗೆ ಬಿಟ್ಟು ಆಮೇಲೆ ಹಾಕಿಕೊಳ್ಳಿ. ಕೆಲವದರಲ್ಲಿ ರಬ್ಬರಿನ ಅಥವಾ ರಾಸಾಯನಿಕದ ವಾಸನೆ ಇರುತ್ತದೆ, ಆ ವಾಸನೆಗೇ ಎದೆ ಬಿಗಿಯುವುದುಂಟು. ಪರಿಮಳ ಬೆರೆಸಿದ ಮಾಸ್ಕ್ ಅಂತೂ ಬೇಡವೇ ಬೇಡ.

ಒದ್ದೆಯಾದ ಮಾಸ್ಕ್ ಉಸಿರನ್ನು ಇನ್ನಷ್ಟು ಕಟ್ಟುತ್ತದೆ. ನಾನು ಹೊರಡುವಾಗ ಕವರಿನಲ್ಲಿ ಮೂರು ಇಟ್ಟುಕೊಳ್ಳುತ್ತೇನೆ, ಒಳಭಾಗ ತೇವ ಅನ್ನಿಸಿದ ಕೂಡಲೇ ಬದಲಿಸುತ್ತೇನೆ. ಗಂಟೆಯ ಲೆಕ್ಕ ಇಟ್ಟುಕೊಂಡಿಲ್ಲ. ಕೆಮ್ಮು ಹೆಚ್ಚಿದ್ದ ದಿನ ಒಂದೇ ಗಂಟೆಗೆ ಬದಲಿಸಿದ್ದೂ ಇದೆ.

ಮನೆಯಿಂದ ಹೊರಡುವ ಮುನ್ನ

ಬ್ರಾಂಕಿಯೆಕ್ಟಾಸಿಸ್ ಇರುವವರಿಗೆ ನನ್ನ ಅತಿ ದೊಡ್ಡ ಕಿವಿಮಾತು: ಕಫ ಒಳಗಿಟ್ಟುಕೊಂಡು ಮಾಸ್ಕ್ ಹಾಕಬೇಡಿ. ನಾನು ಬೆಳಿಗ್ಗೆ 20 ನಿಮಿಷ ಇದಕ್ಕೇ ಇಡುತ್ತೇನೆ. ಕೂತು ಮೆಲ್ಲಗೆ ಹೊಟ್ಟೆಯಿಂದ ನಾಲ್ಕೈದು ಉಸಿರು. ಆಮೇಲೆ ಪಕ್ಕೆಲುಬು ಅರಳುವಂತೆ ಮೂರು ದೀರ್ಘ ಉಸಿರು, ಪ್ರತಿಯೊಂದನ್ನೂ ಎರಡು ಮೂರು ಸೆಕೆಂಡ್ ಹಿಡಿದು ಬಿಡುತ್ತೇನೆ. ಮತ್ತೆ ಮೆಲ್ಲನೆ ಉಸಿರು. ಆಮೇಲೆ ಬಾಯಿ ಅಗಲವಾಗಿ ತೆರೆದು, ಕನ್ನಡಿಯ ಮೇಲೆ ಆವಿ ಹಿಡಿಸುವಂತೆ “ಹ್ಹಾ” ಎಂದು ಎರಡು ಸಲ. ಹೀಗೆ ಮಾಡಿದಾಗ ಕಫ ತಾನಾಗಿ ಮೇಲಕ್ಕೆ ಬರುತ್ತದೆ, ಗಂಟಲು ಹರಿಯುವಂತೆ ಕೆಮ್ಮಬೇಕಾಗಿಲ್ಲ. ಇದನ್ನು ಒಮ್ಮೆ ಫಿಸಿಯೋಥೆರಪಿಸ್ಟ್ ಎದುರು ಮಾಡಿ ಸರಿಪಡಿಸಿಕೊಳ್ಳಿ. ಇದನ್ನು ಬಿಟ್ಟ ದಿನ ಮಾಸ್ಕ್‌ನೊಳಗೆ ಕೆಮ್ಮು ಹತ್ತಿ, ಎದುರಿಗಿದ್ದವರೆಲ್ಲ ಹಿಂದೆ ಸರಿಯುವುದನ್ನು ನೋಡಿದ್ದೇನೆ.

ಇನ್‌ಹೇಲರಿನ ಸಮಯ ನೋಡಿಕೊಳ್ಳಿ. ದಿನದ ಔಷಧಿ ತಪ್ಪಿಸಿ ಮಾಸ್ಕನ್ನು ದೂರುವುದು ಸರಿಯಲ್ಲ. ಕಿರಿದಾದ ನಾಳಗಳನ್ನು ತಕ್ಷಣ ಹಿಗ್ಗಿಸುವ ಸಾಲ್ಬ್ಯುಟಮಾಲ್ ಪಂಪು ಕೆಲವೇ ನಿಮಿಷಗಳಲ್ಲಿ ಕೆಲಸ ಶುರು ಮಾಡಿ ನಾಲ್ಕರಿಂದ ಆರು ಗಂಟೆ ಇರುತ್ತದೆ. ಮೆಟ್ಟಿಲು ಹತ್ತುವುದಿದೆ ಎಂದು ಗೊತ್ತಿದ್ದರೆ 15 ನಿಮಿಷ ಮೊದಲು ತೆಗೆದುಕೊಳ್ಳಲು ನನ್ನ ಡಾಕ್ಟರು ಹೇಳಿದ್ದಾರೆ. ನೀವು ನಿಮ್ಮವರನ್ನು ಕೇಳಿ.

ಪಂಪನ್ನು ಮಾಸ್ಕ್ ಮೇಲಿಂದ ಯಾವತ್ತೂ ಹೊಡೆಯಬೇಡಿ. ಹೊರಗಿದ್ದಾಗ ಬೇಕಾದರೆ ಜನರಿಂದ ದೂರ, ಗಾಳಿಯಾಡುವ ಕಡೆ ಹೋಗಿ, ಮಾಸ್ಕ್ ತೆಗೆದು, ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಅಗಲ ಕೊಳವೆ) ಇಟ್ಟು ತೆಗೆದುಕೊಳ್ಳಿ. ಉಸಿರನ್ನು 10 ಎಣಿಸುವವರೆಗೆ, ಆಗದಿದ್ದರೆ ಆದಷ್ಟು, ಹಿಡಿಯಿರಿ. ಏದುಸಿರು ತಗ್ಗಿದ ಮೇಲಷ್ಟೇ ಮತ್ತೆ ಮಾಸ್ಕ್.

ಮನೆಯಲ್ಲಿ ಆಕ್ಸಿಜನ್ ಹಚ್ಚಿಕೊಳ್ಳುವವರು ಮೂಗಿನ ಕೊಳವೆಯನ್ನು ಮೊದಲು ಹಾಕಿ, ಅದರ ಮೇಲೆ ಸರ್ಜಿಕಲ್ ಮಾಸ್ಕ್ ಹಾಕಿಕೊಳ್ಳಬಹುದು. ಕೊಳವೆ ಕೆನ್ನೆಯ ಮೇಲೆ ಹಾದುಹೋಗುವಲ್ಲಿ ಸ್ವಲ್ಪ ಸಂದು ಬಿಡುತ್ತದೆ, ಇರಲಿ. ಕೊಳವೆ ಮಡಚಿಕೊಂಡಿಲ್ಲ ಎಂದು ಮಾತ್ರ ಬೆರಳಾಡಿಸಿ ನೋಡಿಕೊಳ್ಳಿ. ಮಾಸ್ಕ್ ಹಾಕಿ ಸುಸ್ತಾಯಿತೆಂದು ಆಕ್ಸಿಜನ್ ಹರಿವನ್ನು ನೀವೇ ಹೆಚ್ಚಿಸಬೇಡಿ. ಕಾರ್ಬನ್ ಡೈಆಕ್ಸೈಡ್ ಮೊದಲೇ ಹೆಚ್ಚಿರುವವರಲ್ಲಿ ಅತಿಯಾದ ಆಕ್ಸಿಜನ್ ಅದನ್ನು ಇನ್ನೂ ಏರಿಸುತ್ತದೆ. ಅಂಥವರಿಗೆ ಡಾಕ್ಟರು ಸಾಮಾನ್ಯವಾಗಿ 88ರಿಂದ 92ರ ನಡುವೆ ಇರಲಿ ಎನ್ನುವುದು ಅದಕ್ಕೇ.

ದಾರಿಯಲ್ಲಿ ಉಸಿರು ಕಟ್ಟಿದರೆ

ನಿಲ್ಲಿ. ನಡೆಯುತ್ತಲೇ ಸುಧಾರಿಸಿಕೊಳ್ಳುತ್ತೇನೆ ಎನ್ನಬೇಡಿ. ಜನರಿಂದ ಎರಡು ಮೀಟರಿನಷ್ಟಾದರೂ ದೂರ, ಸಾಧ್ಯವಾದರೆ ಬಾಗಿಲಿನ ಹೊರಗೆ, ಕಿಟಕಿಯ ಹತ್ತಿರ ಹೋಗಿ ಒಂದು ಕಿವಿಯಿಂದ ಮಾಸ್ಕ್ ಬಿಡಿಸಿ ಇನ್ನೊಂದರಲ್ಲಿ ತೂಗುಬಿಡಿ. ಕೂತು ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಕೂರಲು ಜಾಗವಿಲ್ಲದಿದ್ದರೆ ಗೋಡೆಗೋ ಕಂಬಿಗೋ ಮುಂಗೈ ಊರಿ ಬಾಗಿ ನಿಲ್ಲಿ. ಹೆಗಲು ಸಡಿಲ ಬಿಡಿ.

ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ. ದೀಪ ಆರಿಸದೆ ಬರೀ ಅದರ ಕುಡಿಯನ್ನು ಅಲುಗಿಸುವ ಹಾಗೆ ತುಟಿ ಚೂಪು ಮಾಡಿ, ನಾಲ್ಕು ಎಣಿಸುವಷ್ಟು ಹೊರಗೆ. ಜೋರಾಗಿ ಊದಬೇಡಿ, ಉಸಿರು ಸುಮ್ಮನೆ ಜಾರಿ ಹೋಗಲಿ. ಹೀಗೆ ಬಿಟ್ಟಾಗ ನಾಳಗಳು ಕುಸಿಯದೆ ತುಸು ಹೊತ್ತು ತೆರೆದಿರುತ್ತವೆ, ಒಳಗೆ ಸಿಕ್ಕಿಬಿದ್ದ ಹಳೆಯ ಗಾಳಿ ಹೊರಬರುತ್ತದೆ. ಇದನ್ನು ಚೆನ್ನಾಗಿದ್ದಾಗಲೇ ದಿನವೂ ಮಾಡಿ ಮೈಗೂಡಿಸಿಕೊಂಡಿರಬೇಕು, ಗಾಬರಿಯಲ್ಲಿ ಹೊಸದಾಗಿ ಕಲಿಯಲು ಬರುವುದಿಲ್ಲ. ಮಾಸ್ಕ್ ಹಾಕಿಕೊಂಡೂ ಇದನ್ನು ಮಾಡಬಹುದು. ನಾನು ಈಗ ಮೆಟ್ಟಿಲು ಹತ್ತುವುದೇ ಹೀಗೆ: ಒಳಗೆಳೆದುಕೊಳ್ಳುತ್ತಾ ನಿಲ್ಲುತ್ತೇನೆ, ಬಿಡುತ್ತಾ ಎರಡು ಮೆಟ್ಟಿಲು ಹತ್ತುತ್ತೇನೆ.

ಚೀಲದಲ್ಲಿ ಅಂಗೈಯಗಲದ ಬ್ಯಾಟರಿ ಫ್ಯಾನ್ ಇಟ್ಟುಕೊಂಡಿದ್ದೇನೆ. ಮುಖದಿಂದ ಒಂದು ಗೇಣು ದೂರ ಹಿಡಿದು ಮೂಗು, ಮೇಲ್ತುಟಿಯ ಮೇಲೆ ಗಾಳಿ ಆಡಿಸಿದರೆ ಎರಡು ಮೂರು ನಿಮಿಷದಲ್ಲಿ ಎದೆ ಸಡಿಲವಾದಂತೆ ಅನ್ನಿಸುತ್ತದೆ. ಆಕ್ಸಿಜನ್ ಅಂಕಿ ಇದರಿಂದ ಏರುವುದಿಲ್ಲ, ಮುಖದ ನರಗಳಿಗೆ ಆ ತಣ್ಣನೆ ಸುದ್ದಿ ಮತ್ತೆ ತಲುಪುತ್ತದೆ. ನನ್ನ ಮಟ್ಟಿಗೆ ಇದು ಔಷಧಿಯಷ್ಟೇ ಮುಖ್ಯ.

ಒಮ್ಮೆ ಸರದಿಯಲ್ಲಿ ನಿಂತಿದ್ದಾಗ ಹೀಗೆ ಮಾಸ್ಕ್ ಕೆಳಗಿಳಿಸಿ ಬಾಗಿ ಕೂತವಳನ್ನು ಒಬ್ಬರು ಎಲ್ಲರೆದುರು ಗದರಿಸಿದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಆಮೇಲೆ ಒಂದು ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಚೀಲದ ಹೊರಜೇಬಿನಲ್ಲಿ ಇಟ್ಟುಕೊಂಡೆ: “ನನಗೆ ಶ್ವಾಸಕೋಶದ ಕಾಯಿಲೆ ಇದೆ. ಐದು ನಿಮಿಷ ಸುಧಾರಿಸಿಕೊಂಡು ಮತ್ತೆ ಮಾಸ್ಕ್ ಹಾಕಿಕೊಳ್ಳುತ್ತೇನೆ. ಇದು ಅಂಟುವ ಕೆಮ್ಮಲ್ಲ.” ಅದರ ಹಿಂದೆ ಮನೆಯವರ ಫೋನ್ ನಂಬರ್, ಔಷಧಿಗಳ ಹೆಸರು, ಡಾಕ್ಟರು ಕೊಟ್ಟ ಗಡಿ. ಉಸಿರಿಲ್ಲದಾಗ ನಮ್ಮ ಬದಲು ಆ ಕಾಗದ ಮಾತಾಡಬೇಕು.

ಮಾಸ್ಕ್ ತೆಗೆದು, ಕೂತು, ಪಂಪು ತೆಗೆದುಕೊಂಡರೂ 10 ನಿಮಿಷದಲ್ಲಿ ಸುಧಾರಿಸದಿದ್ದರೆ ತಪ್ಪು ಮಾಸ್ಕ್‌ನದಲ್ಲ, ಬೇರೇನೋ ಆಗಿದೆ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ಅಥವಾ ಉಗುರು ನೀಲಿಯಾದರೆ, ಎದೆನೋವು ಬಂದರೆ, ಅಂಕಿ ನಿಮ್ಮ ಗಡಿಗಿಂತ ಕೆಳಗೇ ನಿಂತುಬಿಟ್ಟರೆ ಅಷ್ಟು ಹೊತ್ತೂ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾರ್ಬನ್ ಡೈಆಕ್ಸೈಡ್ ಏರುವುದು ಇನ್ನೂ ಮೋಸದ್ದು, ಆಕ್ಸಿಮೀಟರ್ ಅದನ್ನು ತೋರಿಸುವುದೇ ಇಲ್ಲ. ಬೆಳಿಗ್ಗೆ ಏಳುವಾಗಲೇ ತಲೆನೋವು, ಹೊತ್ತಲ್ಲದ ಹೊತ್ತಲ್ಲಿ ತೂಕಡಿಕೆ, ಮಾತು ತಡವರಿಸುವುದು, ಕೈ ಮುಂದೆ ಚಾಚಿದರೆ ಮಣಿಕಟ್ಟು ರೆಕ್ಕೆಯಂತೆ ಬಡಿದುಕೊಳ್ಳುವುದು ಅದರ ಗುರುತು. ಇವನ್ನು ಜೊತೆಗಿರುವವರಿಗೂ ಹೇಳಿಕೊಟ್ಟಿರಿ, ಏಕೆಂದರೆ ಆ ಹೊತ್ತಿನಲ್ಲಿ ನಮಗೇ ಗೊತ್ತಾಗುವುದಿಲ್ಲ.

ಹಾಕಿಕೊಳ್ಳಲಾಗದವರು

ಕೂತಿರುವಾಗಲೇ ಏದುಸಿರು ಇರುವವರು, ಬಟ್ಟೆ ಬದಲಿಸುವಷ್ಟಕ್ಕೇ ದಣಿಯುವವರು, ಕಾರ್ಬನ್ ಡೈಆಕ್ಸೈಡ್ ಹೆಚ್ಚಿದೆ ಎಂದು ರಕ್ತಪರೀಕ್ಷೆಯಲ್ಲಿ ಕಂಡಿರುವವರು, ಎಫ್‌ಇವಿ1 30 ಪರ್ಸೆಂಟಿಗಿಂತ ಕಡಿಮೆ ಇರುವವರು ಡಾಕ್ಟರನ್ನು ಕೇಳದೆ ಎನ್-95 ಹಾಕಬಾರದು. ತಮ್ಮ ಮಾಸ್ಕನ್ನು ತಾವೇ ತೆಗೆಯಲಾರದವರಿಗೆ, ಅರೆಪ್ರಜ್ಞೆಯಲ್ಲಿರುವವರಿಗೆ ಯಾವ ಮಾಸ್ಕನ್ನೂ ಹಾಕಿಸಬಾರದು. ಮಲಗುವಾಗ ಯಾರಿಗೂ ಬೇಡ.

ಹಾಗಂತ ಅವರನ್ನು ಹಾಗೇ ಬಿಡಬೇಕಿಲ್ಲ. ಅವರ ಬದಲು ಸುತ್ತಲಿನವರು ಹಾಕಿಕೊಳ್ಳಲಿ. ಮನೆಯಲ್ಲಿ ಯಾರಿಗಾದರೂ ನೆಗಡಿ ಬಂದರೆ ಅವರು ಸರ್ಜಿಕಲ್ ಮಾಸ್ಕ್ ಹಾಕಿ, ಕಿಟಕಿ ತೆರೆದು, ಬೇರೆ ಕೋಣೆಯಲ್ಲಿ ಮಲಗಲಿ. ಆಸ್ಪತ್ರೆಗೆ ಜನ ಕಡಿಮೆ ಇರುವ ಹೊತ್ತನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಹಾಕಿಸಿಕೊಂಡಿದ್ದೀರಾ ಎಂದು ನೋಡಿಕೊಳ್ಳಿ. ಮುಖದ ಮುಂದೆ ತೂಗುವ ಪ್ಲಾಸ್ಟಿಕ್ ಪರದೆ ಉಸಿರಿಗೆ ಹಗುರವೇ, ಆದರೆ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳು ಅದರ ಪಕ್ಕದಿಂದಲೇ ಒಳಗೆ ಬರುತ್ತವೆ. ಅದನ್ನೇ ನೆಚ್ಚಿಕೊಳ್ಳಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ನಾನೇಕೆ ಮಾಸ್ಕ್ ಹಾಕುತ್ತೇನೆ ಎಂದು ಮನೆಯವರೇ ಕೇಳಿದ್ದಾರೆ. ಬೇರೆಯವರಿಗೆ ನಾಲ್ಕು ದಿನದ ನೆಗಡಿ ನನಗೆ ಮೂರು ವಾರದ ಹಾಸಿಗೆ. ಒಂದೇ ವರ್ಷದಲ್ಲಿ ಮೂರು ಸಲ ಸೋಂಕು ಎದೆಗಿಳಿದು ಎರಡು ಸಲ ಆಸ್ಪತ್ರೆ ಸೇರಿದೆ. ಪ್ರತಿ ಸಲ ಎದ್ದಾಗಲೂ ಮೊದಲಿದ್ದಷ್ಟು ಉಸಿರು ವಾಪಸ್ಸು ಬರಲಿಲ್ಲ. ಎಫ್‌ಇವಿ1 49 ಇದ್ದದ್ದು 43ಕ್ಕೆ ಇಳಿದದ್ದು ಆ ವರ್ಷವೇ. ಕಳೆದುಕೊಂಡ ಆ ಆರನ್ನು ಯಾವ ಔಷಧಿಯೂ ತಂದುಕೊಡುವುದಿಲ್ಲ. ಉಳಿದ 43ನ್ನು ಕಾಪಾಡಿಕೊಳ್ಳಲು ಬಾಯಿಮುಚ್ಚಿಕೊಂಡು ಸ್ವಲ್ಪ ಸೆಕೆ ತಡೆಯುವುದು ನನಗೆ ಒಪ್ಪಿಗೆ.

ಇನ್ನೊಂದು ಮಾತು. ಒಮ್ಮೆ ಅಳೆದದ್ದು ಶಾಶ್ವತವಲ್ಲ. ಪ್ರತಿ ಸಲ ಸೋಂಕು ಬಂದು ಹೋದಮೇಲೆ, ಔಷಧಿ ಬದಲಾದಾಗ, ತೂಕದಲ್ಲಿ ಏರುಪೇರಾದಾಗ ಹಳೆಯ ಪುಟವನ್ನು ನಂಬಬೇಡಿ, ಮತ್ತೆ ಕುರ್ಚಿಯಿಂದ ಶುರು ಮಾಡಿ. ಹೋದ ತಿಂಗಳು ಕಫ ಹಸಿರಾಗಿ ಆ್ಯಂಟಿಬಯೋಟಿಕ್ ಮುಗಿಸಿದ ಮೇಲೆ ನಾನೂ ಹೊಸ ಪುಟ ತೆರೆದೆ. ಮೊದಲ ದಿನ ಸರ್ಜಿಕಲ್ ಹಾಕಿ ಕೂತಾಗಲೇ 93, 92, 4. ನಿನ್ನೆ, ಎಂಟನೇ ದಿನ, ಕಾರಿಡಾರಿನಲ್ಲಿ ಐದು ನಿಮಿಷ ನಡೆದೆ: 90, 112, 6. ಮೆಟ್ಟಿಲಿಗೆ ಇನ್ನೂ ಹೋಗಿಲ್ಲ.